ರಾಜ ಉಣ್ಣದ ಸೂಪು

ಅಲ್ಲಾ, ಒಲೆ ಹಚ್ಚಿದ್ದಕ್ಕೆ ಕೆಲಸ ಹೋಗುತ್ತೆ ಅಂದ್ರೆ ಯಾರಾದ್ರೂ ನಂಬ್ತಾರಾ ಹೇಳು. ಕಳ್ಳತನ ಮಾಡ್ಲಿಲ್ಲ, ಪಾತ್ರೆ ಒಡೀಲಿಲ್ಲ, ಬರೀ ಒಲೆ ಹಚ್ಚಿದೆ. ನೀನಾಗ ಇನ್ನೂ ತಳ್ಳೋ ಗಾಡೀಲಿ ಬೆರಳು ಚೀಪ್ತಿದ್ದೆ ಸಹನಾ, ನಿನಗೇನು ನೆನಪಿರುತ್ತೆ. ನಿಮ್ಮಪ್ಪ ಮ್ಯಾಂಚೆಸ್ಟರಿಗೆ ಓದೋಕೆ ಅಂತ ಬಂದವರು, ಬೆಳಿಗ್ಗೆ ಕ್ಲಾಸು, ಸಂಜೆ ಗೋಡೌನಲ್ಲಿ ಪೆಟ್ಟಿಗೆ ಹೊರೋದು. ನಾನೂ ಏನಾದ್ರೂ ಮಾಡ್ಬೇಕಲ್ಲ. ಹತ್ತನೇ ಕ್ಲಾಸು ಓದಿದೋಳಿಗೆ, ಅದೂ ಕಂಕುಳಲ್ಲಿ ಮಗು ಇರೋಳಿಗೆ ಯಾರು ಕೆಲಸ ಕೊಡ್ತಾರೆ? ಅಡುಗೆಗೆ ಕೈ ಜೋಡಿಸೋ ಕೆಲಸ ಕೊಟ್ಟಿದ್ದು ಅಲ್ಲೇ ಪಕ್ಕದ ಪ್ರೆಸ್ಟ್‌ವಿಚ್ಚಿನ ಒಬ್ಬ ಅಜ್ಜಿ, ಮಿರಿಯಂ ಅಂತ, ಯಹೂದಿ ಜನ. ಮಗೂನೂ ಕರ್ಕೊಂಡು ಬಾ, ಕಿಟಕಿ ಹತ್ರ ಮಲಗಿಸು ಅಂದ್ರು. ಆ ಮಾತು ಹೇಳೋ ಕೆಲಸ ಈ ದೇಶದಲ್ಲಿ ಇನ್ನೊಂದು ತೋರಿಸು ನೋಡೋಣ. ಹೆಸರು ಹಿಡಿದು ಕರೀ ಅಂತ ಅವರು, ನನಗೆ ನಾಲಿಗೆ ಏಳ್ಲಿಲ್ಲ, ಅಜ್ಜಿ ಅಂದೆ. ಅರ್ಥ ಹೇಳಿದ ಮೇಲೆ ಅದೇ ಇರಲಿ ಅಂದ್ರು.

ಆ ಅಡುಗೆಮನೇಲಿ ಮಾಂಸಕ್ಕೊಂದು ಸಿಂಕು, ಹಾಲಿಗೊಂದು ಸಿಂಕು, ಎರಡೂ ಬೆರೀಬಾರದು ಅಂತ ಅವರ ಧರ್ಮದ ಕಟ್ಟಳೆ. ಇದರ ಚಮಚ ಅದಕ್ಕೆ ತಾಗಬಾರದು, ಅದರ ಬಟ್ಟೆ ಇದಕ್ಕೆ ಮುಟ್ಟಬಾರದು. ಲೀಡ್ಸಲ್ಲಿರೋ ಅವರ ಮಗಳು ಫೋನಲ್ಲಿ ಹೇಳ್ತಾನೇ ಇದ್ಲು, ಹೊರಗಿನವಳಿಗೆ ಇದೆಲ್ಲ ತಲೆಗೆ ಹೋಗಲ್ಲಮ್ಮ, ಒಂದಿನ ಇಡೀ ಅಡುಗೆ ಕೆಡಿಸ್ತಾಳೆ, ಬಿಡಿಸಿಬಿಡು ಅಂತ. ನನಗೆ ನಗು. ದಾವಣಗೆರೇಲಿ ನಮ್ಮತ್ತೆ ಕೈಕೆಳಗೆ ಮುಸುರೆ, ಮಡಿ, ಎಡಗೈ, ಬಲಗೈ ಎಲ್ಲಾ ಪಾಸು ಮಾಡಿ ಬಂದೋಳು ನಾನು. ಹತ್ತನೇ ಕ್ಲಾಸಿಗಿಂತ ಕಷ್ಟದ ಪರೀಕ್ಷೆ ಅದು.

ಇನ್ನು ಅಜ್ಜ, ಸೈಮನ್ ಅಂತ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಹೋಗಿ ಬರೋರು, ಜೊತೇಲಿ ಗೆಳೆಯ ಜೋಸೆಫ್ ಅಜ್ಜ. ಅವರು ಮೊದಲು ರಬ್ಬಿ ಆಗಿದ್ದೋರು, ಅಂದ್ರೆ ಗುರುಗಳು, ಧರ್ಮದ ವಿಷಯದಲ್ಲಿ ಅವರು ಹೇಳಿದ್ದೇ ತೀರ್ಪು. ಇಬ್ಬರೂ ಊಟದ ಮೇಜಿನ ಮೇಲೆ ಅವರ ಧರ್ಮಶಾಸ್ತ್ರದ ಇಟ್ಟಿಗೆ ದಪ್ಪದ ಪುಸ್ತಕ ಬಿಡಿಸಿ ದಿನಕ್ಕೊಂದು ಹಾಳೆ ಓದೋರು. ಓದೋದಾ ಅದು? ಮೇಜು ಗುದ್ದೋದೇನು, ಕೈ ಎತ್ತೋದೇನು. ಮೊದಲ ದಿನ ನಾನು ಆಸ್ತಿ ಪಾಲಿನ ಜಗಳ ಅಂದ್ಕೊಂಡು ನಿನ್ನ ಗಾಡೀನ ಬಾಗಿಲ ಹತ್ರ ತಳ್ಳಿದ್ದೆ. ಅಜ್ಜಿ ನಕ್ಕು, ಪಕ್ಕದ ಮನೆಯವನ ಎತ್ತು ನಮ್ಮ ಎತ್ತಿಗೆ ತಿವಿದ್ರೆ ದಂಡ ಎಷ್ಟು ಅಂತ ವಾದ, ಕೂತ್ಕೋ, ಅಂದ್ರು. ಯಾರ ಮನೇಲೂ ಎತ್ತಿಲ್ಲ. ಜೋಸೆಫ್ ಅಜ್ಜನ ಮನೇಲಿ ಒಂದು ಬೆಕ್ಕೂ ಇರಲಿಲ್ಲ.

ಹಿಂಗೇ ಓದಿ ಓದಿ ಒಂದು ಪುಸ್ತಕ ಮುಗೀತು. ಮುಗಿಸಿದ ದಿನ ನಾಲ್ಕು ಜನಕ್ಕೆ ಊಟ ಹಾಕೋದು ಅವರ ಪದ್ಧತಿ. ಅಜ್ಜಿಗೆ ಮಂಡಿ ನೋವು, ಎದ್ದಿರಲಿಲ್ಲ. ಅಜ್ಜ ನನಗೆ ಬಾಗಿಲು ತೆಗೆದು ಪ್ರಾರ್ಥನೆಗೆ ಹೋದ್ರು. ಒಲೆ ಮಾತ್ರ ತಾವೇ ಹಚ್ಚೋದು ಅಂತ ಅಜ್ಜಿ ಮೊದಲೇ ಹೇಳಿದ್ರು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನದನ್ನ ಯಜಮಾನಿಕೆ ಅಂದ್ಕೊಂಡಿದ್ದೆ, ನಮ್ಮತ್ತೆ ಬೀಗದ ಕೈ ಗೊಂಚಲು ಬಿಡದ ಹಾಗೆ. ಮನೆಗೆ ನೆಂಟರು ಬರೋ ದಿನ ದೊಡ್ಡೋರು ಏಳೋ ಮುಂಚೆ ಸೊಸೆ ಒಲೆ ಹಚ್ಚಿದ್ರೆ ನಮ್ಮಲ್ಲಿ ಎಷ್ಟು ಹೊಗಳ್ತಾರೆ ಗೊತ್ತಾ? ನಾನೂ ಗ್ಯಾಸ್ ಹಚ್ಚಿ, ಅವರಮ್ಮನ ಕಾಲದ ದೊಡ್ಡ ಪಾತ್ರೇಲಿ ಅಜ್ಜಿ ಹೇಳಿಕೊಟ್ಟ ಹಾಗೇ ಬಾರ್ಲಿ, ಕಾಳು, ಆಲೂಗಡ್ಡೆ ಹಾಕಿ ಸೂಪು ಬೇಯಿಸಿ ಇಟ್ಟೆ. ಅಜ್ಜಿ ಗೋಡೆ ಹಿಡ್ಕೊಂಡು ಇಳಿದು ಬಂದ್ರು. ಹೊಗಳ್ತಾರೆ ಅಂತ ನಾನು ಸೆರಗು, ಅಲ್ಲ, ಸ್ವೆಟರ್ ಸರಿ ಮಾಡ್ಕೊಂಡು ನಿಂತೆ.

ಯಾರು ಹಚ್ಚಿದ್ದು ಅಂದ್ರು. ನಾನೇ ಅಜ್ಜಿ, ಅಂದೆ. ಅಜ್ಜಿ ಕುರ್ಚಿ ಹಿಡ್ಕೊಂಡು ಕೂತುಬಿಟ್ರು.

ವಿಷಯ ಏನಂದ್ರೆ, ಅವರ ಜನ ಅಲ್ಲದವರು ತಾವೇ ಒಲೆ ಹಚ್ಚಿ ಬೇಯಿಸಿದ್ದನ್ನ ಅವರು ಉಣ್ಣೋ ಹಾಗಿಲ್ಲ. ಬೆಂಕಿ ಅವರ ಕೈಯಿಂದ ಹಚ್ಚಿದ್ದಾದ್ರೆ ಸಾಕು, ಹೆಚ್ಚೋದು ತಿರುವೋದು ನಾನು ಮಾಡಬಹುದು. ನಾನು ಅದನ್ನೇ ತಪ್ಪಿಸಿದ್ದೆ. ಊಟ ಹೋಯ್ತು, ಪಾತ್ರೆ ಮೈಲಿಗೆ ಆಯ್ತು, ಲೀಡ್ಸ್ ಮಗಳ ಮಾತು ನಿಜ ಆಯ್ತು. ನಾನು ನಿನ್ನ ಹಾಲಿನ ಬಾಟ್ಲಿ ಚೀಲಕ್ಕೆ ಹಾಕ್ಕೊಳ್ಳೋಕೆ ಶುರು ಮಾಡಿದೆ. ಮನಸ್ಸಲ್ಲೇ ನಮ್ಮತ್ತೆಗೂ ಎರಡು ಬೈದೆ.

ಅಷ್ಟರಲ್ಲಿ ಅಜ್ಜಂದಿರು ಬಂದ್ರು. ವಿಷಯ ಕೇಳಿ ಸಿಟ್ಟಾಗ್ತಾರೆ ಅಂದ್ರೆ, ಇಲ್ಲ ಕಣೇ, ಇಬ್ಬರ ಮುಖದಲ್ಲೂ ಹಬ್ಬ. ಎಷ್ಟು ದಿನ ಇಲ್ಲದ ಎತ್ತಿನ ಮೇಲೆ ಜಗಳ ಆಡ್ತಾರೆ, ಇವತ್ತು ನಿಜವಾದ ಪಾತ್ರೆ ಸಿಕ್ಕಿತ್ತಲ್ಲ. ಕೋಟು ಕೂಡ ಬಿಚ್ಚದೆ ಪುಸ್ತಕ ತೆಗೆದ್ರು. ಮೇಜು ಗುದ್ದಿ ಗುದ್ದಿ ಕೊನೆಗೆ ಜೋಸೆಫ್ ಅಜ್ಜ ಒಂದು ದಾರಿ ಹಿಡಿದ್ರು. ಈ ನಿಷೇಧ ಇರೋದು ರಾಜರ ಪಂಕ್ತಿಗೆ ಬಡಿಸೋ ಅಂಥ ಅಡುಗೆಗೆ ಮಾತ್ರ. ರಾಜ ಮುಟ್ಟದಂಥ ಸಾಧಾರಣ ಅಡುಗೆ ಆದ್ರೆ ಯಾರು ಬೇಯಿಸಿದ್ರೂ ಉಣ್ಣಬಹುದು. ಅಂದ್ರೆ ಪ್ರಶ್ನೆ ಏನಾಯ್ತು? ಮಿರಿಯಂ ಅಜ್ಜಿ ಸೂಪು ರಾಜನಿಗೆ ಬಡಿಸೋ ಹಾಗಿದೆಯಾ, ಇಲ್ಲವಾ.

ಅಜ್ಜಿ ಮೆಲ್ಲಗೆ ಗಂಡನ ಕಡೆ ತಿರುಗಿದ್ರು. ಅದು ಅಜ್ಜಿಗೆ ಅವರಮ್ಮನ ಕೈಯಿಂದ ಬಂದ ಸೂಪು. ಸೈಮನ್ ಅಜ್ಜ ಚಾವಣಿ ನೋಡಿದ್ರು. ಚೆನ್ನಾಗಿದೆ ಅಂದ್ರೆ ಊಟ ಹೋಗುತ್ತೆ, ಚೆನ್ನಾಗಿಲ್ಲ ಅಂದ್ರೆ ಸಂಸಾರ ಹೋಗುತ್ತೆ. ಈ ದೇಶದಲ್ಲಿ ನಿಜವಾಗ್ಲೂ ರಾಜ ಇದ್ದಾನಲ್ಲ, ಅರಮನೆಗೆ ಕಳಿಸಿ ಕೇಳೋಣ, ಅಂತ ತೇಲಿಸಿದ್ರು. ಜೋಸೆಫ್ ಅಜ್ಜ ಬಿಡ್ಲಿಲ್ಲ. ರುಚಿ ವಿಷಯಕ್ಕೆ ಹೊರಗಿನ ಅಡುಗೆಯವರ ಮಾತೂ ನಡೆಯುತ್ತೆ ಅಂತ ಪುಸ್ತಕದಲ್ಲೇ ಇದೆ ಅಂದು ನನ್ನ ಕೈಗೆ ಚಮಚ ಕೊಟ್ರು.

ಮೂರೂ ಜನ ನನ್ನೇ ನೋಡ್ತಿದ್ದಾರೆ. ಹೊಗಳಿದ್ರೆ ಬಾಗಿಲಿಗೆ ಬರೋ ನೆಂಟರು ನನ್ನಿಂದಾಗಿ ಉಪವಾಸ. ತೆಗಳಿದ್ರೆ ಸಂಬಳ ಕೊಡೋರಿಗೇ ಅವಮಾನ. ನೀನು ಬೇರೆ ಅದೇ ಹೊತ್ತಿಗೆ ಎದ್ದು ರಾಗ ತೆಗೆದೆ. ನಾನು ಒಂದು ಚಮಚ ಬಾಯಿಗೆ ಹಾಕ್ಕೊಂಡೆ.

"ಅಜ್ಜಿ, ಬೇಜಾರು ಮಾಡ್ಕೋಬೇಡಿ," ಅಂದೆ. "ನಮ್ಮೂರಲ್ಲಿ ಇದನ್ನ ಜ್ವರ ಬಂದವರಿಗೆ ಕೊಡ್ತಾರೆ. ಜ್ವರ ಬಿಟ್ಟ ಮೇಲೆ ಅವರೂ ಕೇಳಲ್ಲ."

ಜೋಸೆಫ್ ಅಜ್ಜ ಮೇಜು ಗುದ್ದಿ, ಉಣ್ಣಬಹುದು, ಅಂದ್ರು. ನೆಂಟರು ಬಂದ್ರು, ಕಥೆ ಗೊತ್ತಾಯ್ತು. ಬಟ್ಟಲು ಚಾಚಿದವರೆಲ್ಲ, ಮಿರಿಯಂ, ಯಾವ ರಾಜನೂ ಇದನ್ನ ಮುಟ್ಟಲ್ಲ, ಇನ್ನೊಂದು ಸೌಟು ಹಾಕಮ್ಮ, ಅಂತ ಕೇಳೋರೇ. ಅಜ್ಜಿ ನಗಲಿಲ್ಲ. ಬಡಿಸಿದ್ರು ಅಷ್ಟೇ. ನನ್ನ ಕಡೆ ಒಂದು ಸಲಾನೂ ತಿರುಗಲಿಲ್ಲ.

ಎಲ್ಲಾ ಹೋದ ಮೇಲೆ ಪಾತ್ರೆ ತೊಳೆದು, ನಿನಗೆ ಟೋಪಿ ಹಾಕ್ತಾ ಇದ್ದೆ. ಅಜ್ಜಿ ಕರೆದ್ರು. ನಾಳೆಯಿಂದ ಬರಬೇಡ ಅಂತ ಹೇಳೋಕೆ ಅಂದ್ಕೊಂಡು ಚೀಲ ಹೆಗಲಿಗೆ ಹಾಕ್ಕೊಂಡೇ ಹೋದೆ. ಅವರು ತಳದಲ್ಲಿ ಉಳಿದ ಸೂಪನ್ನ ಬಟ್ಟಲಿಗೆ ಬಗ್ಗಿಸ್ಕೊಂಡು ತಾವೇ ರುಚಿ ನೋಡ್ತಾ ಕೂತಿದ್ರು.

"ಮದುವೆ ಆದಾಗಿಂದ ಈ ಮನುಷ್ಯ ದಿನಾ ಚೆನ್ನಾಗಿದೆ ಚೆನ್ನಾಗಿದೆ ಅಂತ ಉಂಡಿದ್ದಾರೆ," ಅಂದ್ರು. "ಏನು ಹಾಕ್ಬೇಕು ಹೇಳು ಇದಕ್ಕೆ."

ಮೆಣಸು ಅಜ್ಜಿ, ಬೆಳ್ಳುಳ್ಳಿ, ಉಪ್ಪಂತೂ ಬೇಕೇ ಬೇಕು, ಅಂದೆ. ನಾಳೆ ಬೇಗ ಬಾ ಅಂದ್ರು. ಒಲೆ ಮಾತ್ರ ನಾನು ಹಚ್ಚೋದು, ರುಚಿ ಆಗಿಬಿಟ್ರೆ ಆಮೇಲೆ ರಾಜನ ಕಾಟ, ಅಂದ್ರು. ಮಗಳಿಗೆ ಫೋನ್ ಮಾಡಿ ಏನು ಹೇಳಿದ್ರೋ, ಆಮೇಲೆ ಅವಳು ನನ್ನ ಸುದ್ದಿ ಎತ್ತಲಿಲ್ಲ.

ಅದಕ್ಕೇ ಹೇಳೋದು, ಉಪ್ಪಿಲ್ಲದಿದ್ರೆ ಉಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿ ತಟ್ಟೆ ಖಾಲಿ ಮಾಡ್ಬೇಕು. ಏಳು, ಕೈ ತೊಳಿ.