ಮುಂದಿನ ಸೀಟು

ಅಲ್ಲ, ಹಿಂದೆ ಅಲ್ಲ ಕಣೋ ಲಿಯಾಖತ್! ಮುಂದೆ, ಮುಂದೆ! ಎಷ್ಟು ಸಲ ಹೇಳ್ಲಿ ನಿಂಗೆ? ಪಾಪನ ಸೀಟು ಹ್ಯಾಂಡಲ್ಲಿಗೂ ನನ್ನ ಸೀಟಿಗೂ ನಡುವೆ ಬರ್ಬೇಕು... ಇಲ್ಲಿ, ನನ್ನ ಕೈ ಇರೋ ಜಾಗದಲ್ಲಿ. ಅವ್ಳ ತಲೆ ನನ್ನ ಗದ್ದಕ್ಕೆ ತಾಕೋ ಹಂಗಿರ್ಬೇಕು. ಯಾಕೆ ನಗ್ತೀಯಾ? ಹಿಂದೆ ಕಂಬಿ ಹಾಕಿ ಕೂರಿಸಿದ್ರೆ ಭದ್ರ ಅಂತ ನಂಗೂ ಗೊತ್ತು. ಮೂವತ್ತೊಂದು ವರ್ಷ ಬಸ್ಸು ಓಡ್ಸಿದ ಕದಿರಪ್ಪನಿಗೆ, ಜೀವಮಾನವೆಲ್ಲ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತಿದ ನೀನು ಪಾಠ ಹೇಳ್ತೀಯಾ? ಏಳು ವರ್ಷದ ಮೊಮ್ಮಗಳು, ಹಿಂದೆ ಕೂತ್ಕೊಂಡು ಎಲ್ಲಿ ಜಾರಿದ್ಲೋ ಏನೋ... ಮುಂದೆ ಇದ್ರೆ ಕಣ್ಣೆದುರಿಗಿರ್ತಾಳೆ. ಅಷ್ಟೇ. ಬೇರೆ ಏನೂ ಇಲ್ಲ.

ಹ್ಞಾಂ, ಸ್ಪ್ಯಾನರ್ ಎತ್ಕೊಂಡ್ಯಾ. ಜಾಣ.

ಹೊಸ ಗಾಡಿ ಕಣೋ, ಮನೆಗೆ ಬಂದು ಇನ್ನೂ ಹದಿನೆಂಟು ದಿನ. ಈ ಕೆಂಪು ಬಣ್ಣ ಪಾಪನೇ ಆರಿಸಿದ್ದು. ನಾನು ಕೇಳಿದ್ದು ಒಂದೇ, ಜೋರಾಗಿ ಓಡ್ಬಾರ್ದು. ಆ ಅಂಗಡಿಯವನು ಎಂಬತ್ತು ಹೋಗುತ್ತೆ, ತೊಂಬತ್ತು ಹೋಗುತ್ತೆ ಅಂತ ದೊಡ್ಡ ಗಾಡಿಗಳ ಸುತ್ತಾನೇ ತಿರುಗಿಸ್ತಿದ್ದ. ನಾನಂದೆ, ಅಯ್ಯಾ, ಇಪ್ಪತ್ತೈದರ ಮೇಲೆ ಹೋಗೋಕೇ ಬರದಿರೋ ಗಾಡಿ ಯಾವುದೈತೆ, ಅದು ಕೊಡು. ಕರೆಂಟಿನ ಗಾಡೀಲಿ ಈ ಸಣ್ಣದಕ್ಕೆ ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ನೆಮ್ಮದಿ!... ಏನು? ನನ್ನ ಲೈಸೆನ್ಸ್ ಏನಾಯ್ತಾ? ಐತೆ, ಐತೆ. ಟ್ರಂಕಲ್ಲೈತೆ. ರಿನ್ಯೂ ಮಾಡಿಸ್ಬೇಕು ಅಷ್ಟೇ. ಅದಕ್ಕೆ ಆ ಆಫೀಸು, ಈ ಸರ್ಟಿಫಿಕೇಟು, ಕಣ್ಣು ತೋರ್ಸು, ಕಿವಿ ತೋರ್ಸು... ಈ ವಯಸ್ಸಲ್ಲಿ ಯಾರಿಗೆ ಬೇಕು ಹೇಳು ಆ ತಿರುಗಾಟ?

ಕಣ್ಣು ತೋರಿಸೋದು ಅಂದ್ರೆ ನೆನಪಾಯ್ತು ನೋಡು. ನಮ್ಮ ಜೊತೆ ದೊಡ್ಡವೆಂಕಟಪ್ಪ ಅಂತ ಡ್ರೈವರ್ ಇದ್ನಲ್ಲ, ಮೀಸೆ ದೊಡ್ಡವೆಂಕಟಪ್ಪ... ಕಣ್ಣಿನ ಪರೀಕ್ಷೆ ದಿನ ಬೇಕು ಅಂತ್ಲೇ ಸಾಲಿನ ಕೊನೇಲಿ ನಿಲ್ತಿದ್ದ. ಮುಂದಿನವರೆಲ್ಲ ಗೋಡೆ ಮೇಲಿನ ಅಕ್ಷರ ಓದೋದನ್ನ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡು, ತನ್ನ ಸರದಿ ಬಂದಾಗ ಗಡಗಡ ಅಂತ ಒಪ್ಪಿಸ್ಬಿಡೋನು! ಒಂದು ಸಲ ಡಾಕ್ಟ್ರು ಸುಮ್ನೆ ಬೋರ್ಡೇ ತೆಗೆಸಿಬಿಟ್ರಂತೆ. ಇವನು ಬರೀ ಗೋಡೆ ನೋಡ್ಕೊಂಡು ಕೊನೇ ಸಾಲಿನ ತನಕ ಓದಿದ್ನಂತೆ! ಹಹ್ಹಾ... ಏಮಿರಾ, ನಗು ಬರಲ್ವಾ? ಡಿಪೋಗೆ ಡಿಪೋನೇ ಬಿದ್ದು ಬಿದ್ದು ನಕ್ಕಿತ್ತು.

ಸರಿ ಬಿಡು, ನೀನು ಕೆಲಸ ಮಾಡು.

ಎಡಗಡೆ ಕನ್ನಡಿನಾ? ಅದು ಹಸು ಹಾಯ್ದು ಮುರೀತು. ಹೋದ ಗುರುವಾರ. ಹೂಂ, ಹಸು... ನಿಲ್ಲಿಸಿದ್ದ ಗಾಡಿಗೆ ಬಂದು ಹಾಯ್ತು. ಬೇರೆ ಕನ್ನಡಿ ಬೇಡ, ಬಿಚ್ಚಿ ಬಿಸಾಕು. ಅದರ ಬದಲು ಇಂಡಿಕೇಟರಿಗೆ ಸದ್ದು ಹಾಕ್ಕೊಡು. ಎಡಕ್ಕೆ ಒಂಥರ, ಬಲಕ್ಕೆ ಇನ್ನೊಂಥರ ಸದ್ದು. ಆಗುತ್ತೆ ತಾನೆ? ಹಂಗೇ ಚಾರ್ಜು ಕಮ್ಮಿಯಾದ್ರೆ ಕೀಂಯ್ ಅನ್ನೋ ಹಂಗೆ ಇನ್ನೊಂದು. ಹಾರನ್ನು ಜೋರಾಗಿರ್ಬೇಕು, ನಮ್ಮ ಬಸ್ಸಿಂದು ಇತ್ತಲ್ಲ, ಕೆರೆ ಕಟ್ಟೆ ಮೇಲೆ ಒತ್ತಿದ್ರೆ ಆಚೆ ದಡದಲ್ಲಿ ಎಮ್ಮೆ ಎದ್ದು ನಿಲ್ಲೋದು, ಹಂಗೆ. ಗಾಡೀನ ಸಂತೆ ಮಾಡ್ತೀಯಾ ಅಂತ ತಮಾಷೆ ಮಾಡ್ಬೇಡ. ಕರೆಂಟಿನ ಗಾಡಿ ಬೆಕ್ಕು ನಡೆದ ಹಂಗೆ ಹೋಗುತ್ತೆ, ಸದ್ದೇ ಇಲ್ಲ. ಗಾಡಿ ಅಂದ್ಮೇಲೆ ಮಾತಾಡ್ಬೇಕು. ಇಂಜಿನ್ ಸದ್ದು ಕೇಳ್ಕೊಂಡೇ ನಾನು ಗೇರ್ ಹಾಕ್ತಿದ್ದೋನು, ಇದು ಮೂಗಿ ಥರ ಕೂತಿರುತ್ತೆ.

ಚಾರ್ಜು ಎಷ್ಟೈತೆ ಅಂತ ನನ್ನೇನು ಕೇಳ್ತೀಯಾ, ಅಲ್ಲೇ ಮುಂದೆ ಬರ್ದಿರುತ್ತಲ್ಲ, ಓದ್ಕೋ. ಕನ್ನಡಕ ಮನೇಲಿ ಬಿಟ್ಟು ಬಂದೀನಿ ನಾನು... ಎಷ್ಟು? ಎಂಬತ್ತೆರಡಾ?

ಓಹೋ. ಹಂಗಾದ್ರೆ ಚಾರ್ಜು ಇಲ್ಲ ಅಂತ ತಳ್ಕೊಂಡು ಬಂದೆ ಅಂದ್ಯಲ್ಲ ಅಂತೀಯಾ... ಅದು... ಅದೇ ಡಾಕ್ಟ್ರು ನಡೀರಿ ನಡೀರಿ ಅಂತಾರಲ್ಲಪ್ಪ! ಶುಗರು ಜಾಸ್ತಿ ಆಗೈತಲ್ಲ. ಬೆಳಿಗ್ಗೆ ಪಾಪನ್ನ ಇಸ್ಕೂಲ್ ಗೇಟಲ್ಲಿ ಬಿಟ್ಟು ಗಾಡಿ ಅಲ್ಲೇ ನಿಲ್ಸಿದ್ದೆ, ಈಗ ಮಧ್ಯಾಹ್ನ ಅಲ್ಲಿಂದ ಈ ಗೋಡೆ ಪಕ್ಕ ಪಕ್ಕದಲ್ಲೇ ತಳ್ಕೊಂಡು ಬಂದ್ರೆ ನಿನ್ನ ಅಂಗಡಿ. ಮೈಗೂ ಒಳ್ಳೇದು. ಯಾಕೆ, ತಪ್ಪಾ?

ನೀನು ಮೊದಲು ಹಿಂಗೆ ಕೆದಕ್ತಾ ಇರಲಿಲ್ಲ ಕಣೋ. ತಾಯಲೂರಿಂದ ಸುಟ್ಟೋದ ಮೋಟರ್ ನನ್ನ ಬಸ್ಸಿನ ಟಾಪ್ ಮೇಲೆ ಹಾಕ್ಕೊಂಡು ಬರ್ತಿದ್ದಾಗ, ಕಂಡಕ್ಟರ್ ಬೈದ್ರೆ ನಾನು ಅಡ್ಡ ನಿಲ್ತಿರಲಿಲ್ವಾ? ಆಗ ನಾನು ನಿನ್ನ ಏನಾದ್ರೂ ಕೇಳಿದ್ನಾ?

ಬೇಜಾರಾಗ್ಬೇಡ. ಸುಮ್ನೆ ಅಂದೆ... ಮನೇಲೂ ಇದೇ ಗೋಳು. ನಿಂಗೆ ಗೊತ್ತಲ್ಲ, ಮುನಿಲಕ್ಷ್ಮಿ ಗಂಡನ್ನ ಬಿಟ್ಟು ಮಗೂನ ಎತ್ಕೊಂಡು ಬಂದಾಗ ಊರೆಲ್ಲ ಏನೇನೋ ಅಂತು. ನನ್ನ ಮಗಳು ಯಾರ ಮಾತಿಗೂ ಕಿವಿಗೊಡಲಿಲ್ಲ. ನರಸಾಪುರದ ಫ್ಯಾಕ್ಟರಿಗೆ ಸೇರ್ಕೊಂಡ್ಳು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಬಂದ್ರೆ ಮತ್ತೆ ಮನೆ ಸೇರೋದು ಕತ್ತಲಾದ ಮೇಲೆ. ಹೋದ ವರ್ಷ ಇಸ್ಕೂಲ್ ವ್ಯಾನ್ ನಮ್ಮೂರಿಗೆ ಬರ್ತಿತ್ತು, ಈ ವರ್ಷ ಮೂರು ಮಕ್ಕಳಿಗೋಸ್ಕರ ಅಷ್ಟು ದೂರ ಬರಲ್ಲ ಅಂದ್ರು. ಬಸ್ಸಿನ ಟೈಮು ಇಸ್ಕೂಲಿಗೆ ಹೊಂದಲ್ಲ. ಆಗ ಮುನಿಲಕ್ಷ್ಮಿ ಒಂದೇ ಮಾತು, ಅಪ್ಪಾ, ಪಾಪನ್ನ ಕೋಲಾರದ ಹಾಸ್ಟೆಲ್ಲಿಗೆ ಹಾಕ್ಬಿಡ್ತೀನಿ ಅಂತ.

ಹಾಸ್ಟೆಲ್ಲು! ಏಳು ವರ್ಷದ ಕೂಸು ಕಣೋ! ಇನ್ನೂ ನಿದ್ದೇಲಿ ನನ್ನ ಪಂಚೆ ಚುಂಗು ಹಿಡ್ಕೊಂಡೇ ಮಲಗ್ತಾಳೆ. ಅವ್ಳಿಲ್ಲದ ಮನೇಲಿ ನಾನು ಗೋಡೆ ಮುಖ ನೋಡ್ಕೊಂಡಿರ್ಲಾ? ನಾನಿದ್ದೀನಲ್ಲ ತಾಯಿ, ಆರು ಕಿಲೋಮೀಟರು ನಂಗೇನು ಲೆಕ್ಕ, ನಾನೇ ಬಿಟ್ಟು ನಾನೇ ಕರ್ಕೊಂಡು ಬರ್ತೀನಿ ಅಂದೆ. ನಿಂಗೆ ಆಗುತ್ತಾ ಅಪ್ಪಾ ಅಂದ್ಲು. ಆಗುತ್ತಾ ಅಂದ್ರೆ! ಆ ರೋಡಲ್ಲಿ ಎಷ್ಟು ಸಾವಿರ ಸಲ ಹೋಗಿ ಬಂದೀನಿ? ಕೆರೆ ಕಟ್ಟೆ ಬಂದ್ರೆ ಗಾಳಿ ತಣ್ಣಗಾಗುತ್ತೆ. ಅದು ದಾಟಿದ್ರೆ ರೇಷ್ಮೆ ಹುಳದ ಮನೆ ವಾಸನೆ. ಆಮೇಲೆ ಇಳಿಜಾರು, ಆಮೇಲೆ ಎರಡು ಹಂಪು, ಆಮೇಲೆ ಹೈವೇ ಲಾರಿಗಳ ಸದ್ದು ಶುರು. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ!

...ಯಾಕೆ ಹಂಗೆ ನಿಲ್ಲಿಸ್ಬಿಟ್ಟೆ? ಮಾತಿಗೆ ಅಂದೆ ಕಣೋ. ಮಾತಿಗೆ ಅನ್ನಲ್ವಾ ಯಾರೂ?

ಹೂಂ, ಬಿಗಿ. ಚೆನ್ನಾಗಿ ಬಿಗಿ. ಪಾಪನ ಸೀಟಿಗೆ ಬೆಲ್ಟೂ ಹಾಕು, ಎದೆ ಮೇಲೆ ಬರೋ ಹಂಗೆ. ಕೈಯಲ್ಲಿ ಹಿಡ್ಕೊಳ್ಳೋಕೆ ಒಂದು ಹಿಡಿನೂ ಬೇಕು. ಅದಕ್ಕೊಂದು ಗಂಟೆ ಕಟ್ಟಿಕೊಡು, ಸಣ್ಣದು, ಸೈಕಲ್ ಗಂಟೆ ಆದ್ರೂ ಸರಿ. ಅವ್ಳು ಒತ್ತೋಕೆ. ಆಟಕ್ಕೆ ಕಣೋ, ಆಟಕ್ಕೆ! ಆಗಾಗ ಒತ್ತುತಾ ಇದ್ರೆ ಎಚ್ಚರ... ಅಲ್ಲ, ಖುಷಿಯಾಗಿರ್ತಾಳೆ ಅಂತ.

ಏನಂದೆ? ಬಸ್‌ಸ್ಟಾಂಡಲ್ಲಾ? ಯಾರು, ಟೀ ಅಂಗಡಿ ಚಂದ್ರು ಹೇಳಿದ್ನಾ? ಅವನಿಗೆ ಬೇರೆ ಕಸುಬಿಲ್ಲ. ಹೌದು, ಕೂತಿರ್ತೀನಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆ ತನಕ ಕೂತಿರ್ತೀನಿ, ಏನೀಗ? ಮೂವತ್ತೊಂದು ವರ್ಷ ಅಲ್ಲೇ ಇದ್ದೋನಿಗೆ ಆರೇಳು ಗಂಟೆ ಕೂರೋ ಹಕ್ಕಿಲ್ವಾ? ಊರಿಗೆ ಹೋಗಿ ಮತ್ತೆ ಬರೋದ್ಯಾಕೆ, ಬ್ಯಾಟರಿ ದಂಡ. ಒಬ್ಬನೇ ಹೋಗೋಕಾಗಲ್ಲ ಅಂತಲ್ಲ! ಹಂಗಂತ ಯಾರಂದ್ರು? ನೀನು ಕೇಳಲಿಲ್ವಾ? ಕೇಳಿದಂಗಾಯ್ತು...

ಓ, ಟೀ ಬಂತಾ. ನೀನಾ ತಂಗಿ ಶರೀಫುನ್ನೀಸಾ? ಚೆನ್ನಾಗಿದ್ದೀಯೇನಮ್ಮ? ಸಕ್ಕರೆ ಹಾಕಿಲ್ಲ ತಾನೆ? ನಿನ್ನ ಗಂಡ ನನ್ನ ಪೊಲೀಸ್ನೋರ ಥರ ವಿಚಾರಣೆ ಮಾಡ್ತಾವ್ನೆ ನೋಡಮ್ಮ... ಹೋದ್ಲಾ? ಗ್ಲಾಸು ಎಲ್ಲಿ... ಇಲ್ಲೇ ಇಟ್ಲಲ್ಲ...

ಅಯ್ಯಯ್ಯೋ! ಚೆಲ್ಲೋಯ್ತು! ನಡುವೇಲಿ ಯಾಕಮ್ಮ ಇಡ್ತೀರಿ ಗ್ಲಾಸು? ಕೈ ಸುಟ್ಟಿಲ್ಲ, ಪರ್ವಾಲೇದು, ಪರ್ವಾಲೇದು. ಬಟ್ಟೆ ಕೊಡು, ನಾನೇ ಒರೆಸ್ತೀನಿ. ಎಲ್ಲಿ ಬಟ್ಟೆ?

ಲಿಯಾಖತ್?

ಸ್ಪ್ಯಾನರ್ ಸದ್ದೇ ಇಲ್ಲ. ಮುಗೀತಾ? ಸೀಟು ಮುಗೀತಾ ಅಂದೆ. ಮುನಿಸ್ಕೊಂಡ್ಯಾ? ನೋಡು, ನಂಗೆ ಸ್ವಲ್ಪ ಪೊರೆ ಬಂದೈತೆ, ಅಷ್ಟೇ. ಈ ವಯಸ್ಸಲ್ಲಿ ಯಾರಿಗಿಲ್ಲ? ತೆಗೆಸಿದ್ರೆ ಹೋಗುತ್ತೆ. ಹಿಂಗೆ ಉರ್‍ರಂತ ನೋಡ್ಬೇಡ ನನ್ನ. ನೀನು ನೋಡೋದು ನಂಗೆ ಕಾಣುತ್ತೆ, ಆ ಗಾಡಿ ಹಿಂದೆ ಕುಕ್ಕರುಗಾಲಲ್ಲಿ ಕೂತ್ಕೊಂಡು ತಲೆ ಅಲ್ಲಾಡಿಸ್ತಿದ್ದೀಯಾ. ಕಾಣುತ್ತೆ ಕಣೋ ನಂಗೆ!

ಏನಾದ್ರೂ ಅನ್ನೋ ಮಾರಾಯ. ಬೈದಾದ್ರೂ ಬೈ. ಮಾತು ನಿಂತ್ರೆ ನಂಗೆ ಭಯ ಆಗುತ್ತೆ. ಸರಿ, ನಾನೇ ಎದ್ದು ಬರ್ತೀನಿ ನಿನ್ನ ಹತ್ರ. ಕಾಲು ಬೇರೆ ಜೋಮು ಹಿಡಿದೈತೆ, ಈ ಕಂಬ ಹಿಡ್ಕೊಂಡು...

ಅಯ್ಯೋ!

ನೀನಾ? ನೀನೇನೋ ಇದು? ಕಂಬ ಅಂದ್ಕೊಂಡೆ ನಾನು... ಎಷ್ಟೊತ್ತಿಂದ ನಿಂತಿದ್ದೀಯೋ ಇಲ್ಲಿ, ನನ್ನ ಮೂಗಿನ ಮುಂದೆ? ಆಗ್ಲಿಂದ್ಲೂನಾ? ಹಂಗಾದ್ರೆ ನಾನು ಅಲ್ಲಿ ಕೂತಿದ್ದೀಯಾ, ತಲೆ ಅಲ್ಲಾಡಿಸ್ತಿದ್ದೀಯಾ ಅಂದಿದ್ದೆಲ್ಲ... ಬಿಡು. ಬಿಡು. ಕೇಳಿಸ್ಕೊಂಡೆ ನೀನು. ನೋಡಿದೆ.

ಪೊರೆ ಅಲ್ಲ ಕಣೋ. ಶುಗರು ಕಣ್ಣಿಗೆ ಇಳಿದೈತೆ. ಕೋಲಾರದಲ್ಲಿ ತೋರಿಸ್ದೆ, ಕಣ್ಣಿನ ಹಿಂದೆ ಕೆಟ್ಟೋಗೈತೆ, ಹೋಗಿದ್ದು ಬರಲ್ಲ ಅಂದ್ರು. ನಡುಮಧ್ಯ ಕಪ್ಪಗೈತೆ, ಸುತ್ತ ಹೊಗೆ. ಬೆಳಕು ಯಾವ ಕಡೆ ಅಂತ ಗೊತ್ತಾಗುತ್ತೆ, ಏನೋ ನಿಂತಂಗೆ ಕಾಣುತ್ತೆ, ಮನುಷ್ಯನೋ ಮರವೋ ಗೊತ್ತಾಗಲ್ಲ. ಸಾಲಿನ ಕೊನೇಲಿ ನಿಂತು ಅಕ್ಷರ ಬಾಯಿಪಾಠ ಮಾಡ್ತಿದ್ದೋನು ದೊಡ್ಡವೆಂಕಟಪ್ಪ ಅಲ್ಲ. ನಾನು. ರಿಟೈರ್ ಆಗೋಕೆ ಮುಂಚಿನ ವರ್ಷ. ಬಸ್ಸು ತುಂಬ ಜನ ಕೂರಿಸ್ಕೊಂಡು... ಏನೂ ಆಗಲಿಲ್ಲ, ದೇವರು ದೊಡ್ಡೋನು.

ಈಗ ಪಾಪ ಹೇಳ್ತಾಳೆ. ಅವ್ಳು ಹೇಳಿದಂಗೆ ನಾನು ಓಡಿಸ್ತೀನಿ. ತಾತ, ಹಳ್ಳ. ತಾತ, ಎಡಕ್ಕೆ. ತಾತ, ಮುಂದೆ ಟ್ರಾಕ್ಟರ್, ನಿಲ್ಲು. ಎಷ್ಟು ಚೆನ್ನಾಗಿ ಹೇಳ್ತಾಳೆ ಗೊತ್ತಾ? ನನ್ನ ಕಂಡಕ್ಟರ್ ಅಂತೀನಿ, ನಗ್ತಾಳೆ. ಅವ್ಳು ಸುಮ್ನಿದ್ದಾಳೆ ಅಂದ್ರೆ ದಾರಿ ಖಾಲಿ ಐತೆ ಅಂತ, ಅದು ನಮ್ಮಿಬ್ಬರ ಲೆಕ್ಕ.

ಹೋದ ಗುರುವಾರ... ಹಸು ಅಲ್ಲ. ಹಿಂದಿನ ರಾತ್ರಿ ಅವ್ಳಿಗೆ ಕೆಮ್ಮು, ನಿದ್ದೆ ಮಾಡಿರ್ಲಿಲ್ಲ. ಬೆಳಿಗ್ಗೆ ಗಾಡೀಲಿ ನನ್ನ ಕಾಲ ಹತ್ರ ನಿಂತ್ಕೊಂಡೇ, ಹ್ಯಾಂಡಲ್ ಮೇಲೆ ತಲೆ ಇಟ್ಟು, ಹಂಗೇ ಕಣ್ಣು ಮುಚ್ಚವಳೆ. ನಂಗೆ ಗೊತ್ತಾಗ್ಬೇಕಲ್ಲ? ಸುಮ್ನವಳೆ, ದಾರಿ ಖಾಲಿ ಅಂದ್ಕೊಂಡು ನಾನು ಹಾಡ್ಕೊಂಡು ಹೋಗ್ತಾ ಇದ್ದೀನಿ ಕಣೋ, ಹಾಡ್ಕೊಂಡು! ಕಿವಿ ಪಕ್ಕದಲ್ಲೇ ಲಾರಿ ಹಾರನ್ನು. ಫಟ್ ಅಂತ ಕನ್ನಡಿ ಹಾರೋಯ್ತು. ಗಾಳಿಗೆ ಗಾಡಿ ಅಲ್ಲಾಡ್ತು. ಎಚ್ಚರ ಆಗಿ ಮಗು, ತಾತ ತಪ್ಪಾಯ್ತು, ತಪ್ಪಾಯ್ತು ತಾತ, ಇನ್ನೊಂದ್ಸಲ ನಿದ್ದೆ ಮಾಡಲ್ಲ ಅಂತ ಅಳುತ್ತೆ. ಅದರ ತಪ್ಪಾ? ಹೇಳೋ, ಅದರ ತಪ್ಪೇನೋ ಅದು?

ಅದಕ್ಕೇ ಸೀಟು, ಬೆಲ್ಟು, ಗಂಟೆ. ಬೀಳ್ಬಾರ್ದು, ನಿದ್ದೆ ಮಾಡ್ಬಾರ್ದು ಅಂತ. ನೋಡು ನನ್ನ ಬುದ್ಧಿ.

ಮುನಿಲಕ್ಷ್ಮಿಗೆ ಗೊತ್ತಿಲ್ಲ. ಅಮ್ಮಂಗೆ ಹೇಳಿದ್ರೆ ನಿನ್ನ ಹಾಸ್ಟೆಲ್ಲಿಗೆ ಹಾಕ್ಬಿಡ್ತಾಳೆ ಅಂತ ಮಗು ಕೈಲಿ ನನ್ನ ತಲೆ ಮೇಲೆ ಆಣೆ ಹಾಕಿಸ್ಕೊಂಡಿದ್ದೀನಿ. ಏಳು ವರ್ಷದ ಮಗು ಕೈಲಿ! ಅವ್ಳು ಯಾರ ಮುಂದೇನೂ ಬಾಯಿ ಬಿಟ್ಟಿಲ್ಲ. ರಾತ್ರಿ ನಿದ್ದೇಲಿ ಮಾತ್ರ ಹೇಳ್ತಾಳೆ, ತಾತ, ನಿಲ್ಲು, ನಿಲ್ಲು ಅಂತ.

ಏನಂದೆ? ಮುನಿಲಕ್ಷ್ಮಿಗೆ ನೀನೇ ಹೇಳ್ತೀಯಾ?

ಬೇಡ. ನೀನು ಹೇಳ್ಬೇಡ. ಸಂಜೆ ಮುನಿಲಕ್ಷ್ಮಿ ಬಸ್ಸಿಳಿದ ಮೇಲೆ ನಾನೇ ಹೇಳ್ತೀನಿ. ಹಾಸ್ಟೆಲ್ ಅಂದ್ರೆ ಹಾಸ್ಟೆಲ್ಲು. ಅಳ್ತೀನಿ, ಏನ್ಮಾಡೋದು? ಸೀಟು ಬಿಚ್ಚಿಬಿಡು ಲಿಯಾಖತ್. ಗಾಡಿ ಇಲ್ಲೇ ಇರ್ಲಿ, ಇವತ್ತು ಬಸ್ಸಿಗೆ ಕಾದು ಊರಿಗೆ ಹೋಗ್ತೀವಿ.

ಗಂಟೆ ಎಷ್ಟಾಯ್ತು? ಮೂರೂ ಕಾಲಾ? ಇಸ್ಕೂಲ್ ಬಿಡೋ ಹೊತ್ತು. ಅಷ್ಟೊಂದು ಮಕ್ಕಳು ಒಂದೇ ಥರ ಬಟ್ಟೇಲಿ ಆಚೆ ಬರ್ತವೆ, ಅವ್ಳೇ ಬಂದು ನನ್ನ ಬೆರಳು ಹಿಡೀಬೇಕು, ನಂಗೆ ಹುಡುಕೋಕೆ ಬರಲ್ಲ. ನಡಿ, ಗೇಟ್ ತನಕ ನನ್ನ ಕರ್ಕೊಂಡು ಹೋಗು. ಎಲ್ಲಿ, ನಿನ್ನ ಕೈ ಕೊಡು.