ಎಡಗಡೆ ಮುಂದಿನ ಚಕ್ರದ ಎರಡು ನಟ್ಟುಗಳು

ಹೆಸರು, ವಿಳಾಸ ಮೇಲಿನ ಕಾಲಂನಲ್ಲಿವೆ. ವಯಸ್ಸು 67. ವೃತ್ತಿ: ನಿವೃತ್ತ ವಾಹನ ತಪಾಸಣಾಧಿಕಾರಿ. ಮೂವತ್ತೊಂದು ವರ್ಷ ಸಣ್ಣ ಸುತ್ತಿಗೆ ಹಿಡಿದೇ ಕೆಲಸ ಮಾಡಿದ್ದರಿಂದ ಎಲ್ಲರೂ ನನ್ನನ್ನು ಸುತ್ತಿಗೆ ಸಾಹೇಬರು ಎನ್ನುತ್ತಾರೆ.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ 10.31ಕ್ಕೆ ನಾನು ಒಬ್ಬ ಮಹಿಳಾ ಪೇದೆಯ ವಿರುದ್ಧ ಈ ಠಾಣೆಗೆ ಫೋನಿನಲ್ಲಿ ದೂರು ಕೊಟ್ಟಿದ್ದೇನೆ. ಅವರು ಸೇವೆಗೆ ಸೇರಿ ನಾಲ್ಕು ತಿಂಗಳು; ಇನ್ನೂ ಕಾಯಂ ಆಗಿಲ್ಲ. ದೂರು ಕಡತಕ್ಕೆ ಹೋದರೆ ಅವರ ಕೆಲಸಕ್ಕೇ ಸಂಚಕಾರ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ.

ಸೋಮವಾರ ಸಂಜೆ 6.10ಕ್ಕೆ ನನ್ನ ಕಾರಿನ ಎಡ ಮುಂಭಾಗ ನಮ್ಮದೇ ಗೇಟಿನ ಕಂಬಕ್ಕೆ ತಾಗಿತು. ಕಂಬದ ತಪ್ಪಿಲ್ಲ. ಮಡ್‌ಗಾರ್ಡ್ ಒಳಕ್ಕೆ ಹೋಗಿ, ಬಂಪರ್ ಜೋತುಬಿತ್ತು. ಮಂಗಳವಾರ ಆ ಬದಿಯ ಮುಂದಿನ ಚಕ್ರ ಬಿಚ್ಚಿ ಹಿಂಬದಿ ನೋಡಿ, ಮತ್ತೆ ಹಾಕಿ ನಟ್ಟು ಬಿಗಿಯುತ್ತಿದ್ದಾಗ ಊಟಕ್ಕೆ ಕರೆದರು, ಎದ್ದು ಹೋದೆ. ಬಂಪರನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿದೆ. ಕಾರಿನ ಅರ್ಹತಾ ತಪಾಸಣೆಗೆ ಬುಧವಾರ, ಅಂದರೆ ಇಂದು, 11 ಗಂಟೆಗೆ ಸಮಯ ನಿಗದಿಯಾಗಿತ್ತು.

ಇಂದು 9.40ಕ್ಕೆ ಆ ಚಕ್ರದ ಐದೂ ನಟ್ಟುಗಳಿಗೆ ಸುತ್ತಿಗೆಯಿಂದ ತಟ್ಟಿದೆ. ಬಿಗಿ ನಟ್ಟು ಟಣ್ ಎನ್ನುತ್ತದೆ, ಸಡಿಲವಾದದ್ದು ಠಪ್ ಎನ್ನುತ್ತದೆ. ನನ್ನ ಕಿವಿ ಎರಡು ವರ್ಷದಿಂದ ಮಂದ. ಇದು ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಆಕೆ ನಿವೃತ್ತ ಸಂಗೀತ ಶಿಕ್ಷಕಿ. ಮೂರು ಟಣ್ ಅಂತು, ಎರಡು ಠಪ್ ಅಂತು ರೀ, ಸ್ಪ್ಯಾನರ್ ತರ್ಲಾ ಎಂದು ಕೇಳಿದಳು. ಇದೇನು ನಿನ್ನ ಹಾಡಿನ ಕ್ಲಾಸಾ, ಸುಮ್ನೆ ಹತ್ತು ಎಂದೆ. ಸ್ಪ್ಯಾನರ್ ಹನ್ನೆರಡು ಅಡಿ ದೂರದಲ್ಲಿತ್ತು.

10.05ಕ್ಕೆ ಹೊರಟೆವು. 10.22ಕ್ಕೆ, ಮನೆಯಿಂದ 4.2 ಕಿ.ಮೀ. ದೂರದಲ್ಲಿ, ಸದರಿ ಪೇದೆಯವರು ಕೈ ಅಡ್ಡ ಹಿಡಿದು ಕಾರನ್ನು ಪಕ್ಕಕ್ಕೆ ಹಾಕಿಸಿದರು. ಸಾರ್, ಬಂಪರ್ ಹಗ್ಗದಲ್ಲಿ ಕಟ್ಕೊಂಡು ಎಲ್ಲಿಗೆ ಹೊರಟ್ರಿ ಎಂದರು. ತಪಾಸಣೆಯ ದಿನ ನಿಗದಿಯಾಗಿರಬೇಕು, ನೇರ ದಾರಿಯಲ್ಲಿ ಹೋಗಬೇಕು, ಗಾಡಿಯಿಂದ ಯಾರಿಗೂ ಅಪಾಯ ಇರಬಾರದು, ಈ ಮೂರಿದ್ದರೆ ಜಖಂ ಆದ ಕಾರನ್ನೂ ಓಡಿಸಬಹುದು ಎಂದು ತಿಳಿಸಿ ಚೀಟಿ ತೋರಿಸಿದೆ. ಅವರು ಚೀಟಿ ಓದಿ, ನಿಯಮ ಸರಿ ಸಾರ್, ಆದ್ರೆ ಮೂರನೇದನ್ನ ನೋಡಿದ್ಯಾರು ಎಂದು ಕೇಳಿದರು. ನಾನು ಗಾಡಿ ನೋಡೋಕೆ ಶುರು ಮಾಡಿದಾಗ ನೀವು ಹುಟ್ಟೇ ಇರ್ಲಿಲ್ಲ ಎಂದು ಗದರಿದೆ. ಆಮೇಲೆ ಸ್ಪೀಕರ್ ಹಾಕಿ ಠಾಣೆಗೆ ಫೋನ್ ಮಾಡಿದೆ. ಪೇದೆಗೆ ನಿಯಮ ಗೊತ್ತಿಲ್ಲ, ವಿವರಣೆ ಕೇಳಿ ಎಂದೆ. ಮಧ್ಯಾಹ್ನವೇ ಮೆಮೊ ಕೊಡುವುದಾಗಿ ಠಾಣೆಯವರು ಹೇಳಿದರು. ಪೇದೆಯವರ ಮುಖ ಬಿಳಿಚಿಕೊಂಡಿತು, ಆದರೂ ಕಾರಿನ ಮುಂದಿನಿಂದ ಕದಲಲಿಲ್ಲ.

10.38ಕ್ಕೆ ನನ್ನ ಹೆಂಡತಿ ಕಿಟಕಿ ಇಳಿಸಿ, ಈ ಕಡೆ ಮುಂದಿನ ಚಕ್ರ ನೋಡಮ್ಮ, ಎರಡು ನಟ್ಟು ಠಪ್ ಅಂತಿವೆ ಎಂದಳು. ಪೇದೆಯವರು ಕುಕ್ಕರುಗಾಲಲ್ಲಿ ಕೂತು, ಎರಡೇ ಬೆರಳಿನಿಂದ ಒಂದು ನಟ್ಟನ್ನು ತಿರುಗಿಸಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನಂತರ ಇನ್ನೊಂದು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಚಕ್ರದ ಬದಿಯ ಮುಂದಿನ ಸೀಟಿನಲ್ಲಿ ಕೂತಿದ್ದವಳು ನನ್ನ ಹೆಂಡತಿ. ನನಗೆ ನಾಚಿಕೆಯಾಯಿತು. ಕಾರನ್ನು ಅಲ್ಲೇ ಬಿಟ್ಟು ಆಟೊದಲ್ಲಿ ಈ ಠಾಣೆಗೆ ಬಂದೆವು.

ಮೊದಲೆರಡು ಷರತ್ತಿನ ವಿಷಯದಲ್ಲಿ ನನ್ನ ವಾದ ಈಗಲೂ ಸರಿ. ಇದನ್ನು ಬರೆಸುವಾಗ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೆಂಡತಿ ಪಕ್ಕದಿಂದ ಹೇಳಿದಳಂತೆ. ಹೇಳಿಕೆ ಬರೆದುಕೊಳ್ಳುತ್ತಿದ್ದ ಠಾಣೆಯ ಬರಹಗಾರರು ನಕ್ಕಿದ್ದು ನೋಡಿ, ಏನೆಂದು ಕೇಳಿ ತಿಳಿದುಕೊಂಡೆ. ಮೂರನೆಯ ಷರತ್ತಿನಲ್ಲಿ ನಾನು ಅನರ್ಹ. ಪೇದೆಯವರು ಮಾಡಿದ್ದು ಸರಿ. ನನ್ನ ದೂರನ್ನು ಹಿಂಪಡೆಯುತ್ತೇನೆ, ಮೆಮೊ ಕೊಡಬಾರದು. ಎರಡೂ ನಟ್ಟುಗಳನ್ನೂ ನನ್ನ ಚಾಲನಾ ಪರವಾನಗಿಯನ್ನೂ ಹಾಜರುಪಡಿಸಿದ್ದೇನೆ. ಕಿವಿ ಪರೀಕ್ಷೆ ಆಗುವವರೆಗೆ ಪರವಾನಗಿ ಇಲ್ಲೇ ಇರಲಿ.

ಮೇಲೆ ಬರೆಸಿದ್ದೆಲ್ಲ ನಿಜ. ಕೊನೆಗೆ ‘ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿ ಇದೆ’ ಎಂದು ಅಚ್ಚಾಗಿತ್ತು. ಅದನ್ನು ನಾನೇ ಹೊಡೆದುಹಾಕಿದ್ದೇನೆ. ಬರಹಗಾರರು ಓದಿದ್ದು ನನಗೆ ಕೇಳಿಸಲಿಲ್ಲ. ಕೇಳಿದವಳು ನನ್ನ ಹೆಂಡತಿ. ಸರಿ ಇದೆ ಎಂದು ಅವಳು ಹೇಳಿದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಸಂಚಾರ ಪೊಲೀಸ್ ಠಾಣೆ
ದಿನಾಂಕ: 14, ಬುಧವಾರ, ಮಧ್ಯಾಹ್ನ 1.20
ಹೇಳಿಕೆದಾರರ ಸಹಿ
ಕೇಳಿದವರ ಸಹಿ (ಹೆಂಡತಿ)