ಬಿಲದೊಳಗಿನ ನರಿ

ತನ್ನ ಗರ್ಭಕಂಠದ ಗಡ್ಡೆಗೆ ರಕ್ತ ಉಣಿಸಿ ಕೊಬ್ಬಿಸುವಷ್ಟು ಮೂರ್ಖಳಲ್ಲ ತಾನು ಎಂದು ಜಿಪಾರ್ ಬೆಳಿಗ್ಗೆಯೇ ನರ್ಸನ್ನು ಬೈದು ರಕ್ತದ ಬಾಟ್ಲಿ ವಾಪಸು ಕಳಿಸಿದ್ದಳು. ಈಗ ಬಿಷ್ಕೆಕ್ ಆಸ್ಪತ್ರೆಯೊಳಗೆ ಅವಳ ಎದುರಿನ ಬೆಂಚಿನಲ್ಲಿ ಗುರುತಿಲ್ಲದ ಇಬ್ಬರು ಓರಗಿತ್ತಿಯರ ಮಾತು ನಡೆದಿತ್ತು; ಜಿಪಾರ್ ಕಿವಿಗೊಟ್ಟಳು.

"ಡಾಕ್ಟರು ಏನಂದ್ರು ಅಕ್ಕಾ?"

"ಹುಡುಕಿದ್ರೂ ಗಡ್ಡೆ ಸಿಗ್ಲಿಲ್ವಂತೆ ಕಣೇ!"

"ಮೊದ್ಲು ನೀವೇ ರಕ್ತ ಬೇಡ, ಗಡ್ಡೆ ಉಸಿರುಕಟ್ಟಿ ಸಾಯ್ಲಿ ಅಂತ ಊರೆಲ್ಲ ಒಂದು ಮಾಡಿದ್ರಲ್ಲ!"

"ರಕ್ತದಲ್ಲಿ ಬರೋ ಆಮ್ಲಜನಕ ಸಿಗದ ಗಡ್ಡೆ ರೇಡಿಯೇಷನ್ನಿಗೆ ಜಗ್ಗಲ್ಲ ಅಂತ ನಂಗೇನು ಗೊತ್ತು?"

"ಪಳಗಿಸಿದ ಹದ್ದು ಬಿಟ್ಟು ನರಿ ಬೇಟೆಯಾಡೋರ ಹೆಂಡ್ತಿ ನೀವು! ಬಿಲದಲ್ಲಿರೋ ನರಿ ಮೇಲೆ ಹದ್ದು ಎರಗುತ್ತಾ?"

"ಅದಕ್ಕೇ ಕಣೇ ರಕ್ತ ಹಾಕಿಸ್ಕೊಂಡಿದ್ದು. ಉಸಿರಾಡೋಕೆ ನರಿ ಹೊರಗೆ ಬಂತು, ಹದ್ದು ಎರಗೇ ಬಿಡ್ತು!"

"ನಡೀರಿ, ಮನೇಲಿ ಔತಣದೂಟದ ಕುರಿ ಕಾಯ್ತಿದೆ."

"ಪಾಪ, ಅದಕ್ಕಿನ್ನೂ ಸುದ್ದಿ ಗೊತ್ತಿಲ್ಲ!"

ನಗುತ್ತಾ ಇಬ್ಬರೂ ಬಾಗಿಲು ದಾಟಿದರು.

ಜಿಪಾರ್ ಅಂಗಿಯ ತೋಳು ಮೇಲಕ್ಕೆ ಮಡಚುತ್ತಾ ನರ್ಸನ್ನು ಕೂಗಿದಳು: "ಆ ಬಾಟ್ಲಿ ವಾಪಸು ತಾರಮ್ಮ. ನನ್ನ ನರೀನೂ ಹೊರಗೆ ಬರ್ಲಿ!"